ತಣ್ಣಗಿನ ಎಂಜಿನ್ನು

ಒಂಬತ್ತಕ್ಕೆ ಬನ್ನಿ ಎಂದಿದ್ದ ಮನೆಗೆ ಮಂಟೇಸ್ವಾಮಿ ಆರೂವರೆಗೇ ಬಂದು, ಬೀದಿಯ ಮೂಲೆಯಲ್ಲಿ ಆಟೋ ನಿಲ್ಲಿಸಿದ. ಹೀಗೆ ಕದ್ದು ನೋಡುವುದು ಮರ್ಯಾದಸ್ಥರ ಕೆಲಸವಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ತೊಂಬತ್ತೊಂದನೇ ಇಸವಿಯ, ಹನ್ನೆರಡು ವರ್ಷ ದುಡಿದ ವ್ಯಾನಿನ ಯೋಗ್ಯತೆ ತಿಳಿಯುವುದು ಎಂಜಿನ್ ತಣ್ಣಗಿರುವಾಗಲೇ. ನಿನ್ನೆ ಸಂಜೆ ಅದನ್ನು ಮಾರಲು ಹೊರಟಿದ್ದ ಸದಾಶಿವಯ್ಯನವರು ಕೀಲಿ ತಿರುಗಿಸಿದ ಕೂಡಲೇ ಅದು ಗುರ್ ಎಂದಿತ್ತು. ಅಷ್ಟು ಸಲೀಸಾಗಿ ಸ್ಟಾರ್ಟ್ ಆದದ್ದೇ ಅವನ ನಿದ್ದೆ ಕೆಡಿಸಿತ್ತು.

ಬೋಗಾದಿಯ ಹೊಸ ಬಡಾವಣೆಯ ಒಂಬತ್ತು ಮಕ್ಕಳನ್ನು ಅವನು ಶಾಲೆಗೆ ಬಿಡುತ್ತಿದ್ದ. ಇನ್ನು ಆಟೋದಲ್ಲಿ ತುರುಕುವುದು ಬೇಡ, ಜೂನ್ ಒಂದಕ್ಕೆ ವ್ಯಾನು ತಂದರೆ ಸರಿ, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದು ತಾಯಂದಿರು ಖಡಾಖಂಡಿತವಾಗಿ ಹೇಳಿದ್ದರು. ಉಳಿದದ್ದು ನಾಲ್ಕು ದಿನ. "ಬೆಳಿಗ್ಗೆ ಏಳಕ್ಕೆ ಕೈ ಕೊಡ್ದೆ ಇದ್ರೆ ಸಾಕು, ಬಣ್ಣ ಗಿಣ್ಣ ಎಂಗಾರ ಇರ್ಲಿ" ಎಂದು ಹೆಂಡತಿ ಪುಟ್ಟಮಾದಮ್ಮ ಹೇಳಿ ಕಳಿಸಿದ್ದಳು.

ಗೇಟು ತೆರೆಯಿತು. ವ್ಯಾನು ಹೊರಗೆ ಬಂತು, ಒಂಚೂರೂ ಸದ್ದಿಲ್ಲದೆ. ಸ್ಟಿಯರಿಂಗ್ ಹಿಡಿದವರು ಸದಾಶಿವಯ್ಯ. ಹಿಂದಿನಿಂದ ಅವರ ಹೆಂಡತಿ ಪ್ರೇಮಲೀಲಾ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲೇಜಿಗೆ ಹೋಗುವ ಮಗಳು ಲಾಸ್ಯ ಹಲ್ಲು ಕಚ್ಚಿಕೊಂಡು ತಳ್ಳುತ್ತಿದ್ದರು.

ಮಂಟೇಸ್ವಾಮಿಗೆ ಮೈಯೆಲ್ಲ ಉರಿಯಿತು. ಮುಖದ ಮೇಲೆ ಹೊಡೆದಂತೆ ನಾಲ್ಕು ಮಾತು ಕೇಳಬೇಕೆಂದು ಬಿರಬಿರನೆ ಹೋದ. ಅಷ್ಟರಲ್ಲಿ ವ್ಯಾನು ರಸ್ತೆಯ ಉಬ್ಬಿಗೆ ತಗುಲಿ ನಿಂತಿತು. ಅವನನ್ನು ಎಂದೂ ನೋಡಿರದ ಪ್ರೇಮಲೀಲಾ ಏದುಸಿರು ಬಿಡುತ್ತ, "ಸ್ವಲ್ಪ ಕೈ ಹಾಕ್ತೀಯೇನಪ್ಪ?" ಎಂದರು. ಯೋಚಿಸುವ ಮೊದಲೇ ಅವನ ಹೆಗಲು ವ್ಯಾನಿಗೆ ಆತುಕೊಂಡಿತ್ತು. ಕೆಟ್ಟು ನಿಂತ ಗಾಡಿಯನ್ನು ನೋಡಿಯೂ ಸುಮ್ಮನೆ ಹೋಗುವ ಅಭ್ಯಾಸ ಆಟೋದವರಿಗಿಲ್ಲ.

ಹತ್ತು ಹೆಜ್ಜೆಗೆ ಎಂಜಿನ್ ಕೆಮ್ಮಿ, ಹೊಗೆ ಕಾರಿ, ಶುರುವಾಯಿತು.

"ಒಂದು ರೌಂಡ್ ಹೊಡ್ಕೊಂಡ್ ಬರ್ತೀನಿ, ಆತ ಬರೋ ಹೊತ್ತಿಗೆ..." ಎನ್ನುತ್ತ ಕಿಟಕಿಯಿಂದ ತಲೆ ಹೊರಹಾಕಿದ ಸದಾಶಿವಯ್ಯ ಅವನನ್ನು ಕಂಡು ಮಾತು ನುಂಗಿದರು. ಮಾತಿನ ಬಲದಿಂದಲೇ ಊರಿನ ಅಂಗಡಿಗಳಿಗೆಲ್ಲ ಊದುಬತ್ತಿ ಮಾರಿದ ಮನುಷ್ಯ. ಆದರೂ "ಬ್ಯಾಟ್ರಿ ಸ್ವಲ್ಪ..." ಎಂಬುದರಾಚೆ ಅವರಿಗೆ ಏನೂ ಹೊಳೆಯಲಿಲ್ಲ. ಲಾಸ್ಯ ಕೈ ಒರೆಸಿಕೊಳ್ಳುತ್ತ ನೆಲ ನೋಡಿದಳು.

ತಳ್ಳುವಾಗಲೇ ಮಂಟೇಸ್ವಾಮಿಯ ಕೋಪ ಇಳಿದುಹೋಗಿತ್ತು. ಈಗ ಅವನಿಗೆ ಹೆದರಿಕೆಯಾಗಿತ್ತು. ಇದೂ ಇಲ್ಲವೆಂದರೆ ನಾಲ್ಕು ದಿನದಲ್ಲಿ ಇನ್ನೆಲ್ಲಿ ಹುಡುಕುವುದು?

"ದಿನಾ ಇಂಗೇನಾ, ಸಾ?"

ಉತ್ತರ ಕೊಟ್ಟವರು ಪ್ರೇಮಲೀಲಾ. "ಹೊಸ ಬ್ಯಾಟ್ರಿ ಹಾಕ್ಸಿದ್ರೂ ಹಿಂಗೇ ಕಣಪ್ಪ. ಬಿಸಿಯಾದ್ಮೇಲೆ ತೊಂದ್ರೆ ಇಲ್ಲ. ನಾವು ಮೂರು ಜನ ಇದೀವಲ್ಲ, ಹೆಂಗೋ ನಡೀತದೆ."

ಮಂಟೇಸ್ವಾಮಿ ವ್ಯಾನಿನ ಹಿಂಬಾಗಿಲ ಮೇಲೆ ಕೈಯಿಟ್ಟ.

"ನಮ್ಮನೇಲಿ ಇಬ್ರೇ ಕಣಮ್ಮ" ಎಂದ.

ವ್ಯಾನು ನಡುಬೀದಿಯಲ್ಲಿ ಗಡಗಡ ನಡುಗುತ್ತ ನಿಂತಿತ್ತು. ಹಿಂದಿನಿಂದ ಬಂದ ಹಾಲಿನವನು ಬೆಲ್ಲು ಹೊಡೆದು ಹೊಡೆದು ಸುತ್ತಿಕೊಂಡು ಹೋದ. ಎಂಜಿನ್ ಆಫ್ ಮಾಡಲು ಮಾತ್ರ ಆ ನಾಲ್ವರಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.