ಹಿಂದೆ ಜಾಗ ಇದೆ

ಡಾಕ್ಟರಮ್ಮ ರಿಪೋರ್ಟು ಕೆಳಗಿಟ್ಟು, “ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ?” ಎಂದಾಗ ಅಕ್ಕ ಡೈಲಾಗನ ಮುಖ ನೋಡಿದಳು.

ಡೈಲಾಗ್ ಬಸ್ ಡ್ರೈವರು. ಸಿಗ್ನಲ್ಲಿಗೊಂದು ಸಿನಿಮಾ ಮಾತು ಹೊಡೆದೂ ಹೊಡೆದೂ ಅವನ ನಿಜವಾದ ಹೆಸರು ಡಿಪೋದಲ್ಲಿ ಯಾರಿಗೂ ನೆನಪಿರಲಿಲ್ಲ. ಅಕ್ಕ ಅದೇ ಬಸ್ಸಿನ ಕಂಡಕ್ಟರ್, ಒಡಹುಟ್ಟಿದವಳೇನಲ್ಲ. ಗಂಡನನ್ನು ಆಸ್ಪತ್ರೆಗೆ ಕರೆತರಲು ಅವಳಿಗೆ ನಾಚಿಕೆ. ಇವನಾದರೆ ಎಲ್ಲವನ್ನೂ ತಮಾಷೆಗೆ ತಗೊಂಡು ಮರೆತುಬಿಡುತ್ತಾನೆ ಎಂದು ಜೊತೆಗೆ ಹೊರಡಿಸಿದ್ದಳು.

ಏನು ಮಾಡುತ್ತಿದ್ದಳು? “ಹಿಂದೆ ನೋವು” ಎಂದು ಹೇಳಿದ್ದಳು, ಅಷ್ಟೇ. ಬೆಳಗಿನಿಂದ ಸಂಜೆವರೆಗೆ “ಹಿಂದೆ ಹೋಗ್ರೀ, ಹಿಂದೆ ಜಾಗ ಇದೆ” ಎಂದು ಗಂಟಲು ಹರಿದುಕೊಳ್ಳುವವಳಿಗೆ ಆ ಒಂದು ಪದದಿಂದಾಚೆ ಬಾಯಿ ಬರಲಿಲ್ಲ. ಮೆಡಿಕಲ್ ಶಾಪಿನವನು ಬೆನ್ನಿಗೆ ಮುಲಾಮು ಕೊಟ್ಟ. ಗಂಡ ಸೊಂಟಕ್ಕೆ ಬೆಲ್ಟು ತಂದ. ರಕ್ತ ಬೀಳತೊಡಗಿದಾಗ ಮೂಲವ್ಯಾಧಿ ಇರಬೇಕೆಂದು ಅವಳೇ ತೀರ್ಪು ಕೊಟ್ಟುಕೊಂಡಳು. ಕಂಡಕ್ಟರ್ ಸೀಟು ಖಾಲಿ ಬಿಟ್ಟು, ಕಂಬಿಗೆ ಒರಗಿ ನಿಂತೇ ಟಿಕೆಟ್ ಹರಿಯುತ್ತಿದ್ದಳು. ಡೈಲಾಗನಿಗೆ ಅದೂ ಒಂದು ಸೀನು.

“ಸಿಂಹಾಸನ ಖಾಲಿ ಇದೆ, ಮಹಾರಾಣಿ ಯಾಕೆ ನಿಂತಿದ್ದಾರೆ?”

“ರಾಣಿ ಕೂತ್ರೆ ಟಿಕೆಟ್ ನಿಮ್ಮಪ್ಪ ಹರೀತಾನೇನೋ?”

ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಗುದದ್ವಾರದ ಕ್ಯಾನ್ಸರ್, ಲಿವರಿಗೂ ಹೋಗಿದೆ ಎಂದರು. ಮೊದಲು ಇಂಥವರು ಬರುತ್ತಿದ್ದುದೇ ಅಪರೂಪವಂತೆ. ಈಗ ಬರುವವರೂ ಹೆಚ್ಚು, ಸಾಯುವವರೂ ಹೆಚ್ಚು. ಶುರುವಿನಲ್ಲೇ ತೋರಿಸಿದ್ದರೆ ಎಷ್ಟೋ ಜನಕ್ಕೆ ವಾಸಿಯಾಗುತ್ತದಂತೆ. ಆ ‘ತೋರಿಸಿದ್ದರೆ’ ಡೈಲಾಗನ ಕಿವಿಯಲ್ಲೇ ಕೂತುಬಿಟ್ಟಿತು.

ಹೊರಗೆ ಬೆಂಚಿನ ಮೇಲೆ ಸಾಲಾಗಿ ಹೆಂಗಸರು. ಒಬ್ಬರೂ ನೆಟ್ಟಗೆ ಕೂತಿರಲಿಲ್ಲ. ತಿರುವಿನಲ್ಲಿ ಬಸ್ಸು ಹೊರಳಿದಾಗಿನಂತೆ ಎಲ್ಲರೂ ಒಂದು ಪಕ್ಕಕ್ಕೆ ವಾಲಿದ್ದರು. ಪಕ್ಕದವಳು ನಿಮಗೇನಾಗಿದೆ ಎಂದು ವಿಚಾರಿಸಿದಳು.

“ಹೊಟ್ಟೆ,” ಎಂದಳು ಅಕ್ಕ.

“ನಂದೂ ಹೊಟ್ಟೇನೇ,” ಎಂದು ಆಕೆ ಕೆಳಗೆ ಹಾಸಿಕೊಂಡ ಟವೆಲ್ ಸರಿಮಾಡಿಕೊಂಡಳು.

ಗೇಟಿನ ಹತ್ತಿರ ಅಕ್ಕ ಅವನ ತೋಳು ಹಿಡಿದಳು. “ಯಾರು ಕೇಳಿದ್ರೂ ಹೊಟ್ಟೆ ಅಂತಲೇ ಹೇಳೋ. ನಾನು ಹೋದ್ಮೇಲೂ ಅಷ್ಟೇ. ಇಲ್ದಿದ್ರೆ ನನ್ನ ನೆನೆಸ್ಕೊಂಡಾಗೆಲ್ಲ ಜನ ಅದನ್ನೇ ನೆನೆಸ್ಕೋತಾರೆ.”

ಅವನಿಗೆ ಏನಾದರೂ ಸಿನಿಮಾ ಮಾತು ಹೊಡೆದು ನಗಿಸಬೇಕೆನಿಸಿತು.

“ಆಣೆ, ಅಕ್ಕ.”

ಔಷಧಿ ಅವಳನ್ನು ಸ್ವಲ್ಪ ಕಾಲ ಎಳೆದುಕೊಂಡು ಹೋಯಿತು. ಕೊನೆಕೊನೆಗೆ ಮಗ್ಗುಲಲ್ಲೇ ಮಲಗಿ, ಮಗ್ಗುಲಲ್ಲೇ ಹೋದಳು. ಡಿಪೋದಲ್ಲಿ ಕೇಳಿದವರಿಗೆಲ್ಲ ಡೈಲಾಗ್ ಹೊಟ್ಟೆ ಎಂದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ನಟಿಸಿರಲಿಲ್ಲ.

ಮಣ್ಣು ಮಾಡಿ ಬಂದು ಡ್ಯೂಟಿ ಹತ್ತಿದ ದಿನ ಸಂಜೆ, ಡಿಪೋ ಕ್ಯಾಂಟೀನಿನ ಚಿಕ್ಕಮ್ಮ ಎಂದಿನಂತೆ ಮನೆಗೆ ಹೋಗಲು ಅವನ ಬಸ್ಸು ಹತ್ತಿದಳು. ದಿನಾ ಮುಂದಿನ ಸೀಟಿನಲ್ಲಿ ಧೊಪ್ಪನೆ ಕೂತು ಕಾಲು ಚಾಚುವವಳು, ಇವತ್ತು ಕಂಬಿ ಹಿಡಿದು ನಿಂತಳು.

“ಕೂತ್ಕೊ ಚಿಕ್ಕಮ್ಮ. ಇಡೀ ಬಸ್ಸು ನಿಂದೇ.”

“ಬೇಡಪ್ಪ. ಸ್ವಲ್ಪ ಹಿಂದೆ ನೋವು.” ಹಾಗೆಂದವಳು ಅವಸರದಲ್ಲಿ, “ಸೊಂಟ,” ಎಂದು ಸೇರಿಸಿದಳು.

ಡೈಲಾಗ್ ತಲೆ ಮೇಲಿನ ಕನ್ನಡಿ ನೋಡಿದ. ಅವಳೂ ಅದರಲ್ಲೇ ಅವನನ್ನು ನೋಡುತ್ತಿದ್ದಳು.

“ನಿಜ ಹೇಳು ಮಗಾ, ಅವಳಿಗೆ ಏನಾಗಿತ್ತು?”

ನಾಲಿಗೆಯ ತುದಿಗೆ ಬಂತು. ತೋಳಿನ ಮೇಲೆ ಐದು ಬೆರಳು ಇನ್ನೂ ಒತ್ತುತ್ತಿದ್ದಂತಿತ್ತು.

“ಹೊಟ್ಟೆ,” ಎಂದ.

“ಹೌದಾ,” ಎಂದಳು ಚಿಕ್ಕಮ್ಮ, ನಿರಾಳವಾಗಿ.

ಹೊಸ ಕಂಡಕ್ಟರ್ “ರೈಟ್” ಎಂದ. ಡಿಪೋ ಗೇಟು ದಾಟಿ ಬಸ್ಸು ಹೊರಳಿತು. ಕನ್ನಡಿಯ ತುಂಬ ಖಾಲಿ ಸೀಟುಗಳು, ಅವುಗಳ ನಡುವೆ ಕಂಬಿಗೆ ಆತು ನಿಂತ ಚಿಕ್ಕಮ್ಮ.