ಏಕನಾಥಮ್ಮನ ತೂಕ

ಹಿರಿಯೂರಿನ ಎಣ್ಣೆ ಅಂಗಡಿ ಚಿಕ್ಕತಿಮ್ಮಪ್ಪನ ಮನೆಯಲ್ಲಿ ತುಪ್ಪವನ್ನೆಲ್ಲ ಕದ್ದು ತಿನ್ನುತ್ತಿರುವವಳು ಅವನ ಹೆಂಡತಿ ಏಕನಾಥಮ್ಮನೇ ಎಂಬುದರಲ್ಲಿ ಸೊಸೆ ಪಾಲಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೊದಲು ಮಾವ ಮತ್ತು ಗಂಡ ಓಬಣ್ಣ ಉಣ್ಣಬೇಕು. ಉಳಿದದ್ದರಲ್ಲಿ ಪಾಲಮ್ಮ. ಕಟ್ಟಕಡೆಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಏಕನಾಥಮ್ಮ. ಬಾಗಿಲು ಹಾಕಿಕೊಂಡು ಉಣ್ಣುವವರು ಒಳಗೇನು ಉಪವಾಸ ಮಾಡುತ್ತಾರೆಯೇ? ಅದೂ ಅಲ್ಲದೆ ಆಕೆಯ ಗಂಟಲು ಕೇಳಬೇಕು! ಒಮ್ಮೆ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹೊಸದುರ್ಗದ ಬಸ್ಸು ಗಾಬರಿಯಾಗಿ ಹೊರಟುಬಿಡಬೇಕು. ದಪ್ಪ ಸೀರೆ ಸುತ್ತಿಕೊಂಡು ಬೀದಿಗಿಳಿದರೆ ಎಮ್ಮೆಗಳೇ ದಾರಿ ಬಿಡುತ್ತಿದ್ದವು. ಇಂಥ ದರ್ಬಾರು ತುಪ್ಪವಿಲ್ಲದೆ ಬರುವುದು ಸಾಧ್ಯವಿಲ್ಲ ಎಂದು ಪಾಲಮ್ಮ ತೀರ್ಮಾನಿಸಿದ್ದಳು.

ಯಲ್ಲದಕೆರೆಯ ತೌರಿನಲ್ಲಿ ಹೊಟ್ಟೆತುಂಬ ಉಂಡು ಬೆಳೆದ ಈ ಹುಡುಗಿಯ ಪಾಲಿಗೆ ಇಲ್ಲಿ ಬರುತ್ತಿದ್ದುದು ಅರ್ಧ ಮುದ್ದೆ, ತಳದ ಸಾರು. ಅವಳ ಹಸಿವು ಹಾಳಾಗಲಿ, ಎಳೆಗೂಸು ಹಾಲು ಸಾಲದೆ ಎದೆಯನ್ನು ಎಳೆದೆಳೆದು ಕಿರುಚುತ್ತಿತ್ತು. ಆ ಅಳು ಕೇಳಿದಾಗಲೆಲ್ಲ ಪಾಲಮ್ಮನಿಗೆ ಅತ್ತೆಯ ಕತ್ತು ಹಿಸುಕಿಬಿಡಬೇಕು ಅನ್ನಿಸುತ್ತಿತ್ತು.

ಎಪ್ಪತ್ತೈದರ ಬೇಸಿಗೆಯಲ್ಲಿ, ಪೇಟೆಯ ಹೆಂಗಸರು ಏನು ತಿನ್ನುತ್ತಾರೆ, ಎಷ್ಟು ತೂಗುತ್ತಾರೆ ಎಂದು ನೋಡಲು ಒಬ್ಬ ಲೇಡಿ ಡಾಕ್ಟರು ಬಂದರು. ತೂಕದ ಮಿಷನ್ನನ್ನು ಚಿಕ್ಕತಿಮ್ಮಪ್ಪನ ಜಗಲಿಯ ಮೇಲೇ ಇಟ್ಟರು. ಬೀದಿಯ ಹೆಂಗಸರೆಲ್ಲ ಸೇರಿದರು. ಪಾಲಮ್ಮ ಹತ್ತಿದಾಗ ಮುಳ್ಳು ಒಲ್ಲದ ಮನಸ್ಸಿನಿಂದ ಸ್ವಲ್ಪ ಅಲ್ಲಾಡಿ ನಿಂತುಬಿಟ್ಟಿತು.

"ನಿನ್ನೆ ಏನೇನು ಊಟ ಮಾಡಿದಿರಿ?" ಡಾಕ್ಟರು ಕೇಳಿದರು.

ಬೀದಿಯ ಕಿವಿಗಳೆಲ್ಲ ಇತ್ತ ತಿರುಗಿದವು. ಗಂಡನ ಮನೆಯಲ್ಲಿ ಹೊಟ್ಟೆಗಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಅತ್ತೆಯ ಮಾನಕ್ಕಿಂತ ಮೊದಲು ತೌರಿನ ಮಾನ ಹೋಗುತ್ತದೆ. ಎಂಥವಳನ್ನು ಹೆತ್ತರಪ್ಪಾ ಅನ್ನುತ್ತಾರೆ. ಪಾಲಮ್ಮ ಸೆರಗು ಸರಿಮಾಡಿಕೊಂಡಳು.

"ಬೆಳಿಗ್ಗೆ ರೊಟ್ಟಿ, ಬೆಣ್ಣೆ ಕಣ್ರಿ. ಮಧ್ಯಾಹ್ನ ಎರಡು ಮುದ್ದೆ, ಮೇಲೆ ಅನ್ನ, ತುಪ್ಪ, ಗಟ್ಟಿ ಮೊಸರು. ರಾತ್ರಿಗೂ ಹಂಗೇ. ಮಲಗಾವಾಗ ಹಾಲು."

ಡಾಕ್ಟರ ಮುಖ ಗಂಭೀರವಾಯಿತು. "ಇಷ್ಟೆಲ್ಲ ತಿಂದೂ ಹೀಗಿದ್ದೀರಿ ಅಂದ್ರೆ ಒಳಗೇನೋ ಕ್ಷಯದಂಥ ಕಾಯಿಲೆ ಇರಬೇಕು. ಚಿತ್ರದುರ್ಗಕ್ಕೆ ಹೋಗಿ ಎದೆ ಎಕ್ಸ್‌ರೇ ತೆಗೆಸಿ. ಅಲ್ಲೀವರೆಗೆ ಮಗೂನ ಬೇರೆ ಮಲಗಿಸಿ, ಎದೆಹಾಲು ಕೊಡಬೇಡಿ."

ಪಾಲಮ್ಮನ ಜೀವ ಬಾಯಿಗೆ ಬಂತು. ತಿನ್ನದ ತುಪ್ಪ ಈಗ ಮಗುವನ್ನೇ ಕಿತ್ತುಕೊಳ್ಳುತ್ತಿತ್ತು.

ಏಕನಾಥಮ್ಮ ಸಿಡಿದೆದ್ದಳು. "ನಮ್ಮನೇಲಿ ಕಾಯಿಲೆನಾ? ಅವಳು ಉಣ್ಣಾದೇ ನಾನೂ ಉಣ್ಣಾದು, ಅದಕ್ಕಿಂತ ಒಂದು ಕೈ ಜಾಸ್ತೀನೇ! ನನ್ನ ತೂಗ್ರಿ, ಗೊತ್ತಾಗ್ತೈತೆ!"

ದಡದಡನೆ ಬಂದು ಮಿಷನ್ ಹತ್ತಿದಳು. ಕೆಳಗೆ ಕೂತಿದ್ದ ಪಕ್ಕದ ಮನೆಯ ತಾಜ್ ಬೀ ಮುರಿದೀತೆಂಬ ಭಯಕ್ಕೆ ಸ್ವಲ್ಪ ಹಿಂದೆ ಸರಿದಳು. ಮುಳ್ಳು ಸೊಸೆಯ ತೂಕದವರೆಗೂ ಹೋಗಲಿಲ್ಲ. ಡಾಕ್ಟರು ಮಿಷನ್ನನ್ನು ತಟ್ಟಿ, ಆಕೆಯನ್ನು ಇಳಿಸಿ, ಮತ್ತೆ ಹತ್ತಿಸಿದರು. ಮುಳ್ಳು ತನ್ನ ಮಾತು ಬದಲಿಸಲಿಲ್ಲ. ಅಷ್ಟೂ ದರ್ಬಾರು ಬರೀ ಗಂಟಲು ಮತ್ತು ಸೀರೆ.

"ನೀವೂ ಎಕ್ಸ್‌ರೇಗೆ ಹೋಗಬೇಕು," ಎಂದರು ಡಾಕ್ಟರು.

ಅಷ್ಟರಲ್ಲಿ ಅಂಗಡಿಯಿಂದ ಊಟಕ್ಕೆ ಬಂದ ಚಿಕ್ಕತಿಮ್ಮಪ್ಪ, ಪುಕ್ಕಟೆ ತೂಕ ಯಾರಿಗುಂಟು ಎಂದು ನಗುತ್ತ ತಾನೂ ಹತ್ತಿ ನಿಂತ. ಮುಳ್ಳು ಬಿಟ್ಟ ಬಾಣದ ಹಾಗೆ ಓಡಿತು.

"ಅಯ್ಯೋ ಅಲ್ಲಾ," ತಾಜ್ ಬೀ ಬಾಯಿಗೆ ಸೆರಗು ಹಿಡಿದಳು. "ಇಬ್ಬರು ಹೆಂಗಸರನ್ನ ಒಟ್ಟಿಗೆ ತೂಗಿದಂಗಾಯ್ತಲ್ರೀ!"

ಬೀದಿಯೆಲ್ಲ ನಕ್ಕಿತು. ಪಾಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಅತ್ತೆಯ ಸೀರೆಯ ಮಡಿಕೆಯೊಳಗಿಂದ ಹೊರಗೆ ಬಂದ ಮಣಿಕಟ್ಟನ್ನು ಅವಳು ಈಗ ಮೊದಲ ಸಲ ಸರಿಯಾಗಿ ನೋಡಿದಳು. ಮಗುವನ್ನು ಎದೆಗವಚಿಕೊಂಡು ಹೇಳಿಯೇಬಿಟ್ಟಳು.

"ಡಾಕ್ಟ್ರೇ, ನಾನು ಹೇಳಿದ್ದು ಸುಳ್ಳು. ನಿನ್ನೆ ಎರಡು ಹೊತ್ತೂ ಸೇರಿ ಒಂದು ಮುದ್ದೆನೂ ಉಂಡಿಲ್ಲ. ನಂಗೇನೂ ಕಾಯಿಲೆ ಇಲ್ಲ, ಹಸಿವು ಐತೆ. ಮಗೂನ ಕಿತ್ಕಬೇಡ್ರಿ." ಆಮೇಲೆ ಅತ್ತೆಯತ್ತ ತಿರುಗಿದಳು. "ಅತ್ತೆ, ಬಾಗಿಲು ಹಾಕ್ಕಂಡು ನೀವು ಉಣ್ಣಾದಾದ್ರೂ ಏನು?"

ಏಕನಾಥಮ್ಮನ ಗಂಟಲು ಎಂದೂ ಇಲ್ಲದಷ್ಟು ಸಣ್ಣಗಾಯಿತು. "ಪಾತ್ರೆ ಖಾಲಿ ಇರಾದು ನೀನು ನೋಡಬಾರ್ದು ಅಂತ ಹಾಕ್ಕಂತಿದ್ದೆ. ಪಾತ್ರೆಗೆ ನೀರು ಹಾಕಿ ತೊಳದು ಅದನ್ನೇ ಕುಡೀತಿದ್ದೆ ಕಣೇ. ನಮ್ಮತ್ತೆನೂ ಹಂಗೇ ಬಾಗಿಲು ಹಾಕ್ಕಳಾರು. ಅವರು ತುಪ್ಪ ತಿಂತಾರೆ ಅಂತ ಅವರು ಸಾಯಾವರೆಗೂ ಬೈಕಂಡೆ."

ಪಾಲಮ್ಮನಿಗೆ ನಾಚಿಕೆಯಾಯಿತು, ಅಳುವೂ ಬಂತು. ಎಕ್ಸ್‌ರೇ ಬೇಡ, ಮೊದಲು ಹೊಟ್ಟೆತುಂಬ ಉಣ್ಣಿ, ಮಗುವಿಗೆ ಹಾಲು ಕೊಡಿ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಚಿಕ್ಕತಿಮ್ಮಪ್ಪ ಮಿಷನ್ನಿನಿಂದ ಇಳಿದು, ಈ ಗಲಾಟೆಗೂ ತನಗೂ ಸಂಬಂಧವಿಲ್ಲದವನಂತೆ ಒಳಗೆ ಹೋಗಿ ಮಣೆಯ ಮೇಲೆ ಕುಳಿತ. ಓಬಣ್ಣನೂ ಬಂದು ಪಕ್ಕದಲ್ಲಿ ಕುಳಿತ. ಏಕನಾಥಮ್ಮ ಬಿಸಿ ಮುದ್ದೆ ಎತ್ತಿದಳು. ಗಂಡನ ಎದುರಿನ ತಟ್ಟೆಯನ್ನು ಎಳೆದುಕೊಂಡು ಅದರಲ್ಲಿಟ್ಟು, ಸೊಸೆಯ ಕೈ ಹಿಡಿದು ಕೂರಿಸಿದಳು. ಮಗನ ತಟ್ಟೆಯನ್ನು ತನ್ನ ಮುಂದೆ ಇಟ್ಟುಕೊಂಡಳು.

"ಲೇ, ನಮಗೆ?" ಎಂದ ಚಿಕ್ಕತಿಮ್ಮಪ್ಪ.

"ಕುಂತ್ಕಳ್ರಿ," ಎಂದಳು ಏಕನಾಥಮ್ಮ, ಬಾಯಿತುಂಬ ತುತ್ತಿಟ್ಟುಕೊಂಡು. "ಉಳಿದ್ರೆ ಬಡಿಸ್ತೀವಿ."