ಭಾನುವಾರದ ಮಾತ್ರೆ

"ಮೆಲ್ಲಗೆ, ಮೆಲ್ಲಗೆ! ಮೂಲೆ ತಾಗೀತು," ಎನ್ನುತ್ತ ತಮ್ಮನು ಮೆಟ್ಟಿಲ ಮೇಲೆ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ. ನಾಲ್ವರು ಸೇರಿ ಅಣ್ಣನ ಹೆಣವನ್ನು ಮಹಡಿಯಿಂದ ಕೆಳಗಿನ ಗಾಜಿನಂಗಡಿಗೆ ಇಳಿಸುತ್ತಿದ್ದರು.

"ಗಾಜು ಇಳಿಸೋ ಹಾಗೆ ಇಳಿಸ್ತಿದ್ದೀಯಲ್ಲೋ," ಎಂದ ಪಕ್ಕದಂಗಡಿಯ ಬಡಗಿ.

"ಬೇರೆ ರೀತಿ ಇಳಿಸೋದು ಅಣ್ಣ ಕಲಿಸ್ಲೇ ಇಲ್ವಲ್ಲ."

ಕೊನೆಯ ಮೆಟ್ಟಿಲಲ್ಲಿ ತಮ್ಮನ ಎದೆ ಒಂದು ಬಡಿತ ತಪ್ಪಿ, ಆಮೇಲೆ ದಡದಡ ಓಡಿತು. ಅದೇನು ಹೊಸದಲ್ಲ, ಅಣ್ಣತಮ್ಮಂದಿರಿಬ್ಬರ ಹೃದಯಕ್ಕೂ ತಾಳ ತಪ್ಪುವ ಚಾಳಿ. ಆದರೆ ಇವತ್ತು ಅವನಿಗೆ ಹೆದರಿಕೆಯಾಯಿತು.

ಹೆಣವನ್ನು ಗಾಜು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಅತ್ತಿಗೆ ತಲೆಯ ಬಳಿ ಕೂತು, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು.

"ದಿನಾ ಮಾತ್ರೆ ನುಂಗ್ತಿದ್ರು. ಆದ್ರೂ ರಕ್ತ ಹೆಪ್ಪುಗಟ್ಟಿ ತಲೆಗೇರ್ತು ಅಂತಾರೆ. ಅದು ಹ್ಯಾಗಾಗತ್ತೆ?"

ಉತ್ತರ ಗೊತ್ತಿದ್ದದ್ದು ತಮ್ಮನೊಬ್ಬನಿಗೇ.

*

ಹೋದ ವರ್ಷ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. "ಹೃದಯ ಹೀಗೆ ಅದುರಿದ್ರೆ ಒಳಗೆ ರಕ್ತ ನಿಂತು ಹೆಪ್ಪುಗಟ್ಟತ್ತೆ. ಅದು ತಲೆಗೇರಿದ್ರೆ ಲಕ್ವ. ಹೆಪ್ಪುಗಟ್ಟದ ಹಾಗೆ ಈ ಮಾತ್ರೆ. ಒಂದು ದಿನವೂ ಬಿಡಬೇಡಿ."

ಮಾತ್ರೆ ಶುರುವಾದ ಮೂರನೇ ವಾರ ಗಾಜಿನಂಚು ಅಣ್ಣನ ಹೆಬ್ಬೆರಳು ಸೀಳಿತು. ಅಂಥ ಗಾಯ ಅವರ ಕಸುಬಿನಲ್ಲಿ ಲೆಕ್ಕಕ್ಕಿಲ್ಲ. ಅವತ್ತು ಮಾತ್ರ ಬಟ್ಟೆಯ ಮೇಲೆ ಬಟ್ಟೆ ಸುತ್ತಿದರೂ ರಕ್ತ ನಿಲ್ಲಲೊಲ್ಲದು. ಅಣ್ಣ ಬಿಳಿಚಿಕೊಂಡ.

"ನಮ್ಮಂಥವರಿಗೆ ಈ ಮಾತ್ರೆ ಆಗಿಬರಲ್ಲ ಕಣೋ. ಭಾನುವಾರ ಅಂಗಡಿಗೆ ರಜೆ, ಅವತ್ತು ನುಂಗೋಣ."

"ಡಾಕ್ಟರನ್ನ ಒಂದು ಮಾತು ಕೇಳೋಣ್ವಾ?"

"ಅವರೇನು ಗಾಜು ಕುಯ್ತಾರಾ? ನಿಮ್ಮತ್ತಿಗೆಗೆ ಹೇಳ್ಬೇಡ, ಪ್ರಾಣ ತಿಂತಾಳೆ."

ಅಂದಿನಿಂದ ಆರು ದಿನದ ಮಾತ್ರೆಗಳು ಗಾಜಿನ ಚೂರುಗಳ ಡಬ್ಬಕ್ಕೆ ಹೋದವು. ಇಬ್ಬರವೂ.

*

ಇವತ್ತು ಗುರುವಾರ. ಲಕ್ವ ತನಗೂ ಬಡಿದಿದೆಯೋ ಎಂದು ತಮ್ಮನು ಬಾಯೊಳಗೆ ನಾಲಿಗೆ ಹೊರಳಿಸಿ ನೋಡಿದ. ಹೊರಳಿತು. ಹೆದರಿಕೆ ಹೋಗಲಿಲ್ಲ.

"ಆಯುಸ್ಸು ಅಷ್ಟೇ ಇತ್ತು ಬಿಡಮ್ಮ," ಎಂದ ಬಡಗಿ.

"ಅಲ್ಲ," ತಮ್ಮ ಹೇಳಿಯೇಬಿಟ್ಟ. "ಭಾನುವಾರ ಮಾತ್ರ ನುಂಗ್ತಿದ್ದ ಅತ್ತಿಗೆ. ಕೈ ಕೊಯ್ದ್ರೆ ರಕ್ತ ನಿಲ್ಲಲ್ಲ ಅಂತ ಭಯ ಅವನಿಗೆ."

ಅತ್ತಿಗೆ ಕೆನ್ನೆಗೆ ಬಾರಿಸುತ್ತಾಳೆಂದೇ ಅವನು ಕಾದ.

"ಮತ್ತೆ ನೀನು?"

"ನಾನೂ ಅಷ್ಟೇ. ನಂಗೆ ಭಯ ಆಗ್ತಿದೆ."

ಅವಳು ದಡಕ್ಕನೆ ಎದ್ದಳು. "ಕೈ ಎತ್ತು."

"ಅತ್ತಿಗೆ..."

"ಎರಡೂ ಎತ್ತೋ, ಪಾಪಿ! ಮೊನ್ನೆ ಲಕ್ವ ಹೊಡೆದಾಗ ಅವರಿಗೆ ಒಂದೇ ಎದ್ದಿದ್ದು." ಬಡಗಿಯತ್ತ ತಿರುಗಿದಳು. "ಗಾಡಿ ತೆಗೀರಿ, ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಈಗಲಾ? ಹೆಣ ಎತ್ತೋ ಹೊತ್ತು..."

"ಅವರು ಕಾಯ್ತಾರೆ."

ಅಣ್ಣನ ಹೆಣದ ಮುಂದೆ ತಮ್ಮನು ಎರಡೂ ಕೈ ಎತ್ತಿ ನಿಂತ. ಅತ್ತಿಗೆ ಈ ಕೈ, ಆ ಕೈ, ಮತ್ತೆ ಈ ಕೈ ನೋಡಿದಳು. ಹೊರಗೆ ಗಾಡಿಯ ಸದ್ದಾಯಿತು. ಇಳಿಸು ಎಂದು ಅವಳು ಇನ್ನೂ ಹೇಳಿರಲಿಲ್ಲ.